ಓದಿದ ಕಾದಂಬರಿಯನ್ನೇ ಮತ್ತೆ ಓದಿದರೆ ಬೇಸಿಗೆ ರಜೆ ವ್ಯರ್ಥವೇ?

ಪ್ರಶ್ನೆ: ನನಗೆ ನಲವತ್ತೇಳು ವರ್ಷ. ಶಿವಮೊಗ್ಗದ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಪಿಯುಸಿ, ಬಿ.ಕಾಂ. ಓದುತ್ತಿದ್ದ ಕಾಲದಲ್ಲಿ ಬೇಸಿಗೆ ರಜೆ ಬಂತೆಂದರೆ ಅಜ್ಜನ ಮನೆಯ ಜಗಲಿಯಲ್ಲಿ ಕೂತು ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’, ‘ಸಂಸ್ಕಾರ’, ‘ಮಲೆಗಳಲ್ಲಿ ಮದುಮಗಳು’ ಎಲ್ಲವನ್ನೂ ಓದಿ ಮುಗಿಸಿದ್ದೆ. ಈಗ ನೆನೆಸಿಕೊಂಡರೆ ಕೆಲವು ಹೆಸರು, ನಾಲ್ಕೈದು ದೃಶ್ಯ ಬಿಟ್ಟರೆ ಏನೂ ಉಳಿದಿಲ್ಲ. ಇದು ಮರೆವಿನ ಲಕ್ಷಣವೋ ಎಂದು ಭಯವಾಗುತ್ತದೆ. ಈ ಏಪ್ರಿಲ್–ಮೇ ತಿಂಗಳಲ್ಲಿ ಅವನ್ನೆಲ್ಲ ಮತ್ತೆ ಓದಬೇಕೆಂದುಕೊಂಡು ‘ಮಲೆಗಳಲ್ಲಿ ಮದುಮಗಳು’ ಹಿಡಿದೆ. ಮೂವತ್ತು ನಲವತ್ತು ಪುಟಕ್ಕೆ ಕೈಬಿಟ್ಟೆ, ಪುನಃ ಹಿಡಿದೆ, ಪುನಃ ಬಿಟ್ಟೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಮನೆಯಲ್ಲಿರುವ ಮಗ, ‘ಕೊನೆ ಗೊತ್ತಿರೋ ಕಥೆ ಯಾಕಮ್ಮ ಮತ್ತೆ ಓದ್ತೀಯ? ಓದಿದ್ದನ್ನೇ ಓದೋದು ಎಲ್ಲಕ್ಕಿಂತ ಉಪಯೋಗವಿಲ್ಲದ ಪದ್ಧತಿ ಅಂತ ನಮ್ಮ ಟ್ಯೂಷನ್ ಸರ್ ಹೇಳಿದ್ದಾರೆ’ ಅನ್ನುತ್ತಾನೆ. ನಮ್ಮ ಯಜಮಾನರು ಓದುವುದಾದರೆ ಕೆಲಸಕ್ಕೆ ಬರುವುದನ್ನು ಓದು ಎನ್ನುತ್ತಾರೆ. ನಾನು ಓದುವುದನ್ನು ನೋಡಿಯಾದರೂ ಮಗನಿಗೆ ಕಲಿಕೆಯ ಬೆಲೆ ತಿಳಿಯಲಿ ಎಂಬ ಆಸೆಯೂ ಇದೆ. ಅವನನ್ನು ಒತ್ತಾಯ ಮಾಡಿ ಓದಿಸಬೇಕೇ? ನಾನು ಯಾವುದರಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಬೇರೆ ಬೇರೆ ಮೂಲದ ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಓದಿದ್ದು ಮರೆತುಹೋಗಿದೆಯೆಂಬ ಭಯ, ಮತ್ತೆ ಓದುವುದು ಸಮಯದ ಅಪವ್ಯಯವೆಂಬ ಮನೆಯವರ ಮಾತು, ಹಿಡಿದ ಪುಸ್ತಕ ಮುಂದೆ ಸಾಗದ ಬೇಸರ, ಮಗನಿಗೆ ಕಲಿಕೆಯಲ್ಲಿ ಆಸ್ಥೆ ಹುಟ್ಟಲಿ ಎಂಬ ತಾಯಿಯ ಆಸೆ. ಪದವಿ ತರಗತಿಗಳಿಗೆ ಕನ್ನಡ ಪಾಠ ಮಾಡುತ್ತ, ನಿವೃತ್ತಿಯ ನಂತರ ಗ್ರಂಥಾಲಯದ ಓದುಗರ ಕೂಟವೊಂದನ್ನು ನಡೆಸುತ್ತ ಬಂದಿರುವ ನನಗೆ ಈ ಎಲ್ಲ ಆತಂಕಗಳೂ ಪರಿಚಿತ. ಅವನ್ನು ಬಿಡಿಸಿ ನೋಡಿದರೆ ಪ್ರತಿಯೊಂದಕ್ಕೂ ಉತ್ತರವಿದೆ.

ಮೊದಲು ಮರೆವಿನ ಮಾತು. ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದೆ ಓದಿದ ಕಾದಂಬರಿಯಲ್ಲಿ ನಾಲ್ಕೈದು ದೃಶ್ಯ ಉಳಿದಿರುವುದು ಕಾಯಿಲೆಯ ಲಕ್ಷಣವಲ್ಲ, ಎಲ್ಲರ ಅನುಭವವೂ ಅದೇ. ನಿತ್ಯದ ವ್ಯವಹಾರದಲ್ಲಿ ತೊಡಕಾಗುತ್ತಿದ್ದರೆ, ನಿನ್ನೆ ಮೊನ್ನೆಯ ಸಂಗತಿಗಳೇ ಜಾರಿಹೋಗುತ್ತಿದ್ದರೆ ವೈದ್ಯರಲ್ಲಿ ಕೇಳುವುದು ಸರಿ. ಹಳೆಯ ಕಾದಂಬರಿಯ ಕಥೆ ಮರೆತದ್ದಕ್ಕೆ ಅದರ ಅಗತ್ಯವಿಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತನ್ನ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ ಅಧ್ಯಯನವು ಮರೆವು ಎಷ್ಟು ಬೇಗ ಆವರಿಸುತ್ತದೆ ಎಂಬುದಕ್ಕೆ ಪ್ರಸಿದ್ಧವಾಗಿದೆ. ಅದೇ ಅಧ್ಯಯನದ ಇನ್ನೊಂದು ಅಂಶವನ್ನು ಜನ ಅಷ್ಟಾಗಿ ಹೇಳುವುದಿಲ್ಲ: ಮರೆತೇಹೋಯಿತು ಎಂದುಕೊಂಡದ್ದನ್ನು ಎರಡನೆಯ ಸಲ ಕಲಿಯಲು ಮೊದಲಿನಷ್ಟು ಸಮಯ ಬೇಕಾಗಲಿಲ್ಲ. ನೆನಪಿಗೆ ಬಾರದಿದ್ದರೂ ಹಿಂದಿನ ಓದಿನ ಒಂದು ಪಾಲು ಒಳಗೆ ಉಳಿದೇ ಇರುತ್ತದೆ.

ಮರೆತದ್ದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ತಪ್ಪಾಗಿ ನೆನಪಿಟ್ಟುಕೊಂಡದ್ದನ್ನು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫ್ರೆಡರಿಕ್ ಬಾರ್ಟ್‌ಲೆಟ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಓದಲು ಕೊಟ್ಟು, ದಿನಗಳು, ತಿಂಗಳುಗಳು ಕಳೆದ ಮೇಲೆ ಅದನ್ನು ಮತ್ತೆ ಹೇಳಿಸಿದರು. ಓದಿದವರು ತಮಗೆ ಅಪರಿಚಿತವಾದ ಭಾಗಗಳನ್ನು ಕೈಬಿಟ್ಟು, ಉಳಿದದ್ದನ್ನು ತಮ್ಮ ಲೋಕಕ್ಕೆ ಒಪ್ಪುವಂತೆ ತಿದ್ದಿಕೊಂಡಿದ್ದರು. 1932ರಲ್ಲಿ ಪ್ರಕಟವಾದ ಈ ಮಾತಿಗೆ ಕನ್ನಡದ ಓದುಗರಲ್ಲಿ ನನಗೆ ಹೇರಳ ನಿದರ್ಶನಗಳು ಸಿಕ್ಕಿವೆ. ‘ಸಂಸ್ಕಾರ’ ಓದಿದ್ದೇನೆ ಎನ್ನುವ ಅನೇಕರು ಪ್ರಾಣೇಶಾಚಾರ್ಯರನ್ನು ಬಣ್ಣಿಸತೊಡಗಿದರೆ, ಅವರ ಕಣ್ಣ ಮುಂದಿರುವುದು 1970ರ ಚಲನಚಿತ್ರದಲ್ಲಿ ಆ ಪಾತ್ರ ವಹಿಸಿದ ಗಿರೀಶ ಕಾರ್ನಾಡರ ಮುಖ. 1965ರ ಕಾದಂಬರಿಯ ಪುಟಗಳಲ್ಲಿ ಆಚಾರ್ಯರ ಮನಸ್ಸಿನೊಳಗೆ ನಡೆಯುವ ದೀರ್ಘ ವಾಗ್ವಾದ ಅವರಿಗೆ ಹೆಚ್ಚುಕಡಿಮೆ ಅಳಿಸಿಹೋಗಿರುತ್ತದೆ. ನಿಮ್ಮಲ್ಲಿ ಉಳಿದಿರುವ ನಾಲ್ಕೈದು ದೃಶ್ಯಗಳಲ್ಲಿ ಒಂದೆರಡು ಪುಸ್ತಕದಲ್ಲಿ ಇಲ್ಲದಿರುವ ಸಾಧ್ಯತೆಯೂ ಇದೆ. ಇದನ್ನು ಕಂಡುಕೊಳ್ಳುವುದೇ ಮರುಓದಿನ ಒಂದು ದೊಡ್ಡ ಸಂತೋಷ.

ಇನ್ನು ನಿಮ್ಮ ಮಗನ ಮಾತು. ಅವನ ಟ್ಯೂಷನ್ ಮೇಷ್ಟ್ರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಬೇರೊಂದು ಪ್ರಶ್ನೆಗೆ ಉತ್ತರ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಕೊಟ್ಟು, ಕೆಲವರಿಗೆ ಅದನ್ನೇ ಮತ್ತೆ ಓದಲು, ಕೆಲವರಿಗೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಎರಡು ದಿನ, ಒಂದು ವಾರ ಕಳೆದು ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಅವರನ್ನು ಹಿಂದಿಕ್ಕಿದ್ದರು. ಮುಂದಿನ ವರ್ಷ ಪಿಯುಸಿಗೆ ಹೋಗುವ ಹುಡುಗನಿಗೆ ಇದು ಬಹಳ ಉಪಯುಕ್ತವಾದ ತಿಳಿವಳಿಕೆ, ಅವನು ಅದನ್ನು ಪಾಲಿಸಲಿ. ಆದರೆ ಈ ಪ್ರಯೋಗಗಳು ಅಳೆದದ್ದು ಒಂದು ಪಾಠದ ಮಾಹಿತಿಯನ್ನು ಕೆಲವು ದಿನಗಳ ನಂತರ ಎಷ್ಟು ಒಪ್ಪಿಸಬಲ್ಲರು ಎಂಬುದನ್ನು. ಹದಿನೆಂಟರಲ್ಲಿ ಓದಿದ ಕಾದಂಬರಿಯನ್ನು ನಲವತ್ತೇಳರಲ್ಲಿ ಓದುವವರು ಮಾಹಿತಿಯನ್ನು ಗಟ್ಟಿ ಮಾಡಿಕೊಳ್ಳಲು ಕೂತಿರುವುದಿಲ್ಲ. ಅಂದು ಕಾಣುವ ಶಕ್ತಿಯೇ ಇಲ್ಲದಿದ್ದ ಎಷ್ಟೋ ಸಂಗತಿಗಳನ್ನು ಈಗ ಕಾಣಬಲ್ಲೆವೇ ಎಂದು ನೋಡಲು ಅವರು ಪುಸ್ತಕ ತೆರೆಯುತ್ತಾರೆ.

‘ಕೊನೆ ಗೊತ್ತಿರುವ ಕಥೆ’ ಎಂಬ ಆಕ್ಷೇಪಕ್ಕೆ ನಮ್ಮ ನಾಡಿನ ಅನುಭವವೇ ಸಾಕು. ಗದುಗಿನ ಭಾರತದ ಗಮಕ ಕೇಳಲು ಕೂತವರಲ್ಲಿ ಕರ್ಣ ಸಾಯುತ್ತಾನೆಂದು ತಿಳಿಯದವರು ಯಾರೂ ಇರಲಿಲ್ಲ. ರಾತ್ರಿಯಿಡೀ ಯಕ್ಷಗಾನ ನೋಡುವವರಿಗೆ ಪ್ರಸಂಗ ಮೊದಲೇ ಗೊತ್ತು. ಏನಾಗುತ್ತದೆ ಎಂಬ ಕುತೂಹಲ ತೀರಿದವರ ಗಮನ ಹೇಗಾಗುತ್ತದೆ ಎಂಬುದರ ಮೇಲೆ ನಿಲ್ಲುತ್ತದೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಸಂಶೋಧಕರು ಸಣ್ಣಕಥೆಗಳ ಕೊನೆಯನ್ನು ಮೊದಲೇ ತಿಳಿಸಿ ಓದಿಸಿದಾಗ ಓದುಗರು ಆ ಕಥೆಗಳನ್ನು ಹೆಚ್ಚು ಮೆಚ್ಚಿದ್ದೂ ವರದಿಯಾಗಿದೆ. ನಂತರದ ಅಧ್ಯಯನಗಳೆಲ್ಲ ಅದನ್ನು ಒಪ್ಪಿಲ್ಲವಾದ್ದರಿಂದ ನಾನು ಅದರ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ.

ಮರುಓದಿನಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ನಿಮ್ಮ ಪಟ್ಟಿಯಲ್ಲಿರುವ ಪುಸ್ತಕದಿಂದಲೇ ತೋರಿಸುತ್ತೇನೆ. ಕಾರಂತರ ‘ಬೆಟ್ಟದ ಜೀವ’ 1943ರಲ್ಲಿ ಬಂದ ಸಣ್ಣ ಕಾದಂಬರಿ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕನನ್ನು ದೇರಣ್ಣ, ಬಟ್ಯರು ಗೋಪಾಲಯ್ಯನವರ ಮನೆಗೆ ತಂದು ಮುಟ್ಟಿಸುತ್ತಾರೆ. ಕಾಡು ಕಡಿದು ತೋಟ ಎಬ್ಬಿಸಿದ ಮುದುಕ, ಅವರ ಹೆಂಡತಿ ಶಂಕರಮ್ಮ, ಮನೆ ಬಿಟ್ಟು ಹೋದ ಮಗ ಶಂಭು. ಹದಿನೆಂಟು ವರ್ಷದ ವಿದ್ಯಾರ್ಥಿಗಳಿಗೆ ಈ ಪುಸ್ತಕ ಪಾಠ ಮಾಡಿದಾಗಲೆಲ್ಲ ಅವರ ಉತ್ತರಪತ್ರಿಕೆಗಳ ತುಂಬ ಗೋಪಾಲಯ್ಯನವರೇ ಇರುತ್ತಿದ್ದರು: ಅವರ ದುಡಿಮೆ, ಧೈರ್ಯ, ಅತಿಥಿಸತ್ಕಾರ, ಕುಮಾರಪರ್ವತದ ಸೀಮೆಯ ಕಾಡು. ಅದೇ ಪುಸ್ತಕವನ್ನು ನಮ್ಮ ಓದುಗರ ಕೂಟದಲ್ಲಿ ಐವತ್ತರ ಆಸುಪಾಸಿನವರ ಜೊತೆ ಓದಿದಾಗ ಚರ್ಚೆ ಬೇರೆ ಕಡೆ ಹೊರಳಿತು. ಬಂದವನು ತಮ್ಮ ಮಗನ ವಯಸ್ಸಿನವನೆಂಬ ಕಾರಣಕ್ಕೇ ಅವನ ಊಟ ಉಪಚಾರಗಳಲ್ಲಿ ಆ ದಂಪತಿಗಳು ತೋರುವ ಅತಿಯಾದ ಆಸ್ಥೆ, ಅವನು ಹೊರಡುತ್ತೇನೆಂದಾಗಲೆಲ್ಲ ಇನ್ನೊಂದು ದಿನ ನಿಲ್ಲಿಸಿಕೊಳ್ಳುವ ನೆಪಗಳು, ಶಂಭುವಿನ ವಿಷಯ ಬಂದಾಗ ಗಂಡ ಒಂದು ರೀತಿಯಲ್ಲಿ ಮಾತನಾಡುವುದು, ಹೆಂಡತಿ ಇನ್ನೊಂದು ರೀತಿಯಲ್ಲಿ ಸುಮ್ಮನಾಗುವುದು. ಈ ಸಂಗತಿಗಳು ಮೊದಲಿನಿಂದಲೂ ಪುಸ್ತಕದಲ್ಲೇ ಇದ್ದವು. ಮಗನೋ ಮಗಳೋ ಮನೆ ಬಿಟ್ಟು ದೂರದ ಊರಿಗೆ ಹೋದ ಮೇಲೆ ಓದಿದವರಿಗೆ ಮಾತ್ರ ಅವು ಒಂದು ಸಾಲಾಗಿ ಕಂಡವು. ಹರೆಯದಲ್ಲಿ ಕಾಡಿನ ಕಥೆಯಾಗಿ ಓದಿದ್ದನ್ನು ಈಗ ಕಾಯುವವರ ಕಥೆಯಾಗಿ ಓದುತ್ತಿದ್ದೇವೆ ಎಂದು ಕೂಟದ ಒಬ್ಬ ತಾಯಿ ಹೇಳಿದ್ದು ನನಗೆ ಇಂದಿಗೂ ಈ ಕಾದಂಬರಿಯ ಬಗ್ಗೆ ಕೇಳಿದ ಅತ್ಯುತ್ತಮ ವಿಮರ್ಶೆ.

‘ಮರಳಿ ಮಣ್ಣಿಗೆ’ಯಲ್ಲೂ ಹೀಗೆಯೇ. ಮೊದಲ ಓದಿನಲ್ಲಿ ನಾವು ಮೂರನೆಯ ತಲೆಮಾರಿನ ರಾಮನ ಜೊತೆ ಮದರಾಸಿಗೆ ಹೋಗುವ ಆತುರದಲ್ಲಿ ಅವನ ಅಜ್ಜ ರಾಮ ಐತಾಳರ ಕಾಲದ ಪುಟಗಳನ್ನು ಬೇಗ ಬೇಗ ದಾಟಿಬಿಡುತ್ತೇವೆ. ವಯಸ್ಸಾದ ಮೇಲೆ ಕೈ ನಿಲ್ಲುವುದು ಆ ಪುಟಗಳಲ್ಲಿಯೇ: ಮಕ್ಕಳಿಲ್ಲದ ಪಾರೋತಿ, ವಿಧವೆಯಾಗಿ ತವರಿನಲ್ಲೇ ಉಳಿದ ಸರಸೋತಿ, ಇಬ್ಬರೂ ಸೇರಿ ಹೊತ್ತು ನಿಭಾಯಿಸುವ ಸಂಸಾರ, ಆ ಮನೆಗೆ ಎರಡನೆಯ ಹೆಂಡತಿ ಬರುವ ಬಗೆ. ದಿನವಿಡೀ ಲೆಕ್ಕಪತ್ರ ನೋಡುವ ನಿಮಗೆ ಆ ಮನೆಯ ಹಣದ, ದುಡಿಮೆಯ, ಕೊಡುಕೊಳ್ಳುವಿಕೆಯ ಲೆಕ್ಕ ಈಗ ಕಾಣುವಷ್ಟು ಸ್ಪಷ್ಟವಾಗಿ ಬಿ.ಕಾಂ. ಓದುವಾಗ ಕಂಡಿರಲಾರದು. ಕೆಲಸಕ್ಕೆ ಬರುವುದನ್ನು ಓದು ಎನ್ನುವ ನಿಮ್ಮ ಯಜಮಾನರಿಗೆ ನಾನು ಹೇಳಬಯಸುವುದು ಇಷ್ಟೇ: ಒಬ್ಬ ಮನುಷ್ಯ ತಾನು ಇಷ್ಟು ವರ್ಷಗಳಲ್ಲಿ ಏನು ಕಲಿತಿದ್ದಾನೆ ಎಂದು ಪರೀಕ್ಷಿಸಿಕೊಳ್ಳಲು ಹಿಂದೆ ಓದಿದ ಒಳ್ಳೆಯ ಪುಸ್ತಕಕ್ಕಿಂತ ನಂಬಲರ್ಹವಾದ ಸಾಧನವನ್ನು ನಾನು ಕಂಡಿಲ್ಲ. ಪುಸ್ತಕದ ಅಕ್ಷರ ಬದಲಾಗಿರುವುದಿಲ್ಲವಾದ್ದರಿಂದ ಬದಲಾದದ್ದೆಲ್ಲ ಓದುವವರ ಪಾಲಿನದೇ.

ಹಾಗೆಂದು ಮರುಓದಿನಲ್ಲಿ ಅಪಾಯವಿಲ್ಲವೆಂದು ಹೇಳಲಾರೆ. ಮೊದಲನೆಯದು ನಿರಾಸೆ. ಹರೆಯದಲ್ಲಿ ಕಣ್ಣೀರು ತರಿಸಿದ ಪುಸ್ತಕ ಈಗ ಸಪ್ಪೆಯೆನಿಸಬಹುದು. ಹಾಗಾದರೆ ಆ ಪುಸ್ತಕದ ಜೊತೆಗೆ ಆ ರಜೆಯ ನೆನಪೂ ಕೆಟ್ಟಿತೆಂಬ ಭಾವನೆ ಬರುತ್ತದೆ. ಅಜ್ಜನ ಮನೆಯ ಜಗಲಿಯನ್ನು ಪುಸ್ತಕ ಮರಳಿ ತಂದುಕೊಡುತ್ತದೆ ಎಂದು ನಿರೀಕ್ಷಿಸಿ ಓದುವವರಿಗೆ ಈ ನಿರಾಸೆ ಹೆಚ್ಚು. ಎರಡನೆಯದು ಇರುಸುಮುರುಸು. ಆ ಕಾಲದ ಕಾದಂಬರಿಗಳಲ್ಲಿ ಜಾತಿಸೂಚಕ ಪದಗಳು ಯಥೇಚ್ಛವಾಗಿ ಬರುತ್ತವೆ, ಕೆಲವು ಕಡೆ ಹೆಣ್ಣನ್ನು ನೋಡುವ ದೃಷ್ಟಿ ಇಂದು ಒಪ್ಪಿಗೆಯಾಗುವುದಿಲ್ಲ. ‘ಸಂಸ್ಕಾರ’ವನ್ನು ಈಗ ಓದುವ ಮಹಿಳೆಯರಲ್ಲಿ ಹಲವರು ಚಂದ್ರಿಯನ್ನು ಆಚಾರ್ಯರ ಬದಲಾವಣೆಗೆ ನಿಮಿತ್ತವಾಗಿ ಮಾತ್ರ ತಂದಂತಿದೆ, ಆಮೇಲೆ ಆಕೆಯ ಪಾಡೇನೆಂದು ಕಾದಂಬರಿ ಅಷ್ಟಾಗಿ ಕೇಳುವುದಿಲ್ಲ ಎಂದು ನನ್ನೆದುರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಮೆಚ್ಚಿದ ಲೇಖಕರೊಡನೆ ಜಗಳವಾಡುವುದೂ ಗಂಭೀರವಾದ ಓದೇ ಆದ್ದರಿಂದ ಇಂಥ ಕಡೆ ಪುಸ್ತಕ ಮುಚ್ಚಿಡಬೇಡಿ, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ನಿಮ್ಮ ತಕರಾರನ್ನು ಬರೆಯಿರಿ. ಮೂರನೆಯ ಅಪಾಯವೆಂದರೆ ಹಳೆಯದರಲ್ಲೇ ನಿಂತುಬಿಡುವುದು. ನಿಮ್ಮ ಕಾಲೇಜು ದಿನಗಳ ನಂತರ ಕನ್ನಡದಲ್ಲಿ ಬಂದ ಒಳ್ಳೆಯ ಪುಸ್ತಕಗಳು ಬಹಳ ಇವೆ. ಒಂದು ಹಳೆಯ ಪುಸ್ತಕಕ್ಕೆ ಒಂದು ಹೊಸದು ಎಂಬಂತೆ ಇಟ್ಟುಕೊಂಡರೆ ಎರಡೂ ಒಂದರ ಬೆಳಕಿನಲ್ಲಿ ಇನ್ನೊಂದು ಚೆನ್ನಾಗಿ ಕಾಣುತ್ತವೆ.

‘ಮಲೆಗಳಲ್ಲಿ ಮದುಮಗಳು’ ನಿಮಗೆ ಏಕೆ ಸಾಗುತ್ತಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1967ರಲ್ಲಿ ಪ್ರಕಟವಾದ, ಏಳುನೂರು ಪುಟಗಳ ಆಸುಪಾಸಿನ ಈ ಕೃತಿಗೆ ಒಬ್ಬ ನಾಯಕನಿಲ್ಲ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಅವರೇ ಮೊದಲಿಗೆ ಹೇಳಿಬಿಡುತ್ತಾರೆ. ಒಬ್ಬ ನಾಯಕನ ಬೆನ್ನು ಹಿಡಿದು ಓದುವ ಅಭ್ಯಾಸದವರು ನಾಯಿಗುತ್ತಿಯ ಜೊತೆ, ಅವನ ನಾಯಿ ಹುಲಿಯನ ಜೊತೆ ಕಾಡಿನ ದಾರಿಯಲ್ಲಿ ಸ್ವಲ್ಪ ದೂರ ನಡೆಯುತ್ತಾರೆ; ಅಷ್ಟರಲ್ಲಿ ಕಥೆ ಇನ್ನೊಂದು ಮನೆಗೆ, ಇನ್ನೊಂದು ಕುಟುಂಬಕ್ಕೆ ಹೊರಳುತ್ತದೆ. ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಮೇಗರವಳ್ಳಿ ಎಂದು ಊರುಗಳು ಬೆಳೆಯುತ್ತ ಹೋದಂತೆ ಯಾರು ಯಾವ ಮನೆಯವರು ಎಂಬುದು ಕಲಸಿಹೋಗುತ್ತದೆ. ನಿಮ್ಮ ಮೂವತ್ತು ನಲವತ್ತನೆಯ ಪುಟದ ತಡೆ ಇದೇ ಇರಬೇಕು. ನನ್ನ ವಿದ್ಯಾರ್ಥಿಗಳೂ ಅಲ್ಲಿಯೇ ನಿಲ್ಲುತ್ತಿದ್ದರು.

ಅವರಿಗೆ ಹೇಳುತ್ತಿದ್ದ ಉಪಾಯವನ್ನೇ ನಿಮಗೂ ಹೇಳುತ್ತೇನೆ. ಒಂದು ಹಾಳೆಯಲ್ಲಿ ಮನೆಗಳ ಹೆಸರನ್ನು ಬರೆದು, ಆಯಾ ಮನೆಯ ಕೆಳಗೆ ಯಜಮಾನರು, ಹೆಂಗಸರು, ಮಕ್ಕಳು, ಜೀತದಾಳುಗಳ ಹೆಸರನ್ನು ಅವರು ಬಂದ ಹಾಗೆಲ್ಲ ಸೇರಿಸುತ್ತ ಹೋಗಿ. ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ ಈ ಮೂರು ಜೋಡಿಗಳನ್ನು ಬಿಡದೆ ಹಿಂಬಾಲಿಸಿದರೆ ಉಳಿದವರು ತಾವಾಗಿಯೇ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ನೀವು ಶಿವಮೊಗ್ಗದವರು, ತೀರ್ಥಹಳ್ಳಿ, ಮೇಗರವಳ್ಳಿಗಳ ಕಡೆ ಒಮ್ಮೆಯಾದರೂ ಹೋಗಿರುತ್ತೀರಿ. ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1893ರಲ್ಲಿ ಷಿಕಾಗೋದಲ್ಲಿ ವಿವೇಕಾನಂದರು ಮಾಡಿದ ಭಾಷಣದ ಸುದ್ದಿಯೂ ಪುಸ್ತಕದಲ್ಲಿ ಬರುತ್ತದೆ. ಆ ಮಲೆನಾಡಿಗೂ ಈಗಿನ ಬಸ್ಸಿನ ದಾರಿಗೂ ನಡುವಿನ ಅಂತರವನ್ನು ಮನಸ್ಸಿನಲ್ಲಿ ಅಳೆಯುತ್ತ ಓದುವ ಭಾಗ್ಯ ದೂರದ ಓದುಗರಿಗಿಲ್ಲ. ಆದರೂ ಈ ಬೇಸಿಗೆಗೆ ಅದನ್ನೇ ಮೊದಲು ಹಿಡಿಯಬೇಡಿ. ಶಾಲೆಗೆ ರಜೆಯಾದರೂ ನಿಮ್ಮ ಕಚೇರಿಗೆ ರಜೆಯಿಲ್ಲ. ರಾತ್ರಿ ಮುಕ್ಕಾಲು ಗಂಟೆ ಸಿಕ್ಕರೆ ಹೆಚ್ಚು. ಇಪ್ಪತ್ತು ಪುಟದ ಲೆಕ್ಕದಲ್ಲಿ ಒಂದು ದಿನವೂ ತಪ್ಪದೆ ಓದಿದರೂ ಅದೊಂದೇ ಪುಸ್ತಕಕ್ಕೆ ಐದು ವಾರ ಬೇಕು, ನಡುವೆ ಮದುವೆ ಮುಂಜಿಗಳು ಬಂದರೆ ಎಳೆ ತಪ್ಪುತ್ತದೆ.

ನನ್ನ ಸಲಹೆ ‘ಬೆಟ್ಟದ ಜೀವ’ದಿಂದ ಶುರು ಮಾಡಿ ಎಂಬುದು. ವಾರದಲ್ಲಿ ಮುಗಿಯುತ್ತದೆ, ಓದುವ ರೂಢಿ ಮರಳುತ್ತದೆ, ಮೇಲಾಗಿ ನಿಮ್ಮ ಈಗಿನ ವಯಸ್ಸಿಗೆ ಅದು ಹೊಸ ಪುಸ್ತಕದಂತೆಯೇ ಇರುತ್ತದೆ. ಆಮೇಲೆ ‘ಮರಳಿ ಮಣ್ಣಿಗೆ’. ಪುಸ್ತಕ ತೆರೆಯುವ ಮೊದಲು ಅದರ ಬಗ್ಗೆ ನಿಮಗೆ ನೆನಪಿರುವುದನ್ನೆಲ್ಲ ಒಂದು ಪುಟದಷ್ಟು ಬರೆದು ಮಡಚಿಡಿ. ಯಾರ ಮೇಲೆ ಪ್ರೀತಿಯಿತ್ತು, ಯಾರ ಮೇಲೆ ಸಿಟ್ಟಿತ್ತು ಎಂಬುದನ್ನೂ ಬರೆಯಿರಿ. ಓದಿ ಮುಗಿಸಿದ ಮೇಲೆ ಆ ಹಾಳೆಯನ್ನು ಬಿಡಿಸಿ ನೋಡಿ. ಮಗನ ಮೇಷ್ಟ್ರು ಹೇಳಿದ ನೆನಪಿನಿಂದ ಬರೆಯುವ ಪದ್ಧತಿಯೂ ಅದರಲ್ಲಿ ಸೇರಿಹೋಗುತ್ತದೆ.

ಮಗನ ವಿಷಯದಲ್ಲಿ ಒತ್ತಾಯ ಬೇಡ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ವರ್ಷವಿಡೀ ಓದು ಎಂದರೆ ಅಂಕ, ಅಂಕ ಎಂದರೆ ಮುಂದಿನ ಸೀಟು. ಆ ಲೆಕ್ಕದಿಂದ ಈಗಷ್ಟೇ ಹೊರಬಂದವನ ಕೈಗೆ ದೊಡ್ಡ ಕಾದಂಬರಿಯನ್ನು ಕರ್ತವ್ಯವೆಂದು ಕೊಟ್ಟರೆ ಅದೂ ಒಂದು ಪಠ್ಯಪುಸ್ತಕವಾಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಬಡ ಕುಟುಂಬಗಳ ಮಕ್ಕಳಿಗೆ ಸತತ ಮೂರು ಬೇಸಿಗೆ ರಜೆಗಳಲ್ಲಿ ಪ್ರತಿ ಸಲವೂ ಹನ್ನೆರಡರಷ್ಟು ಪುಸ್ತಕಗಳನ್ನು ಕೊಟ್ಟು ನಡೆಸಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಮಕ್ಕಳ ಓದಿನ ಸಾಮರ್ಥ್ಯ ಉಳಿದವರಿಗಿಂತ ಹೆಚ್ಚಿತ್ತು. ಅಲ್ಲಿ ಪುಸ್ತಕಗಳನ್ನು ಆರಿಸಿಕೊಂಡವರು ಮಕ್ಕಳೇ ಎಂಬುದನ್ನು ಗಮನಿಸಿ. ಮಗನನ್ನು ಒಂದು ದಿನ ಗ್ರಂಥಾಲಯಕ್ಕೋ ಪುಸ್ತಕದ ಅಂಗಡಿಗೋ ಕರೆದೊಯ್ದು ಅವನ ಪಾಡಿಗೆ ಬಿಡಿ. ಅವನೇ ಕೇಳಿದರೆ ತೇಜಸ್ವಿಯವರ ‘ಕರ್ವಾಲೊ’ ತೋರಿಸಬಹುದು. ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿಯೂ, ಹಳ್ಳಿಯ ಮಂದಣ್ಣನೂ ಹದಿನಾರರ ಹುಡುಗರಿಗೆ ಬೇಗ ಆಪ್ತರಾಗುತ್ತಾರೆ. ಅವನು ಪತ್ತೇದಾರಿ ಕಥೆಯನ್ನೋ, ಇಂಗ್ಲಿಷಿನ ಕಾಮಿಕ್ಸನ್ನೋ ಆರಿಸಿಕೊಂಡರೂ ಮುಖ ಸಿಂಡರಿಸಬೇಡಿ.

ಅವನು ನೋಡಲಿ ಎಂದು ಓದುವುದನ್ನು ಬಿಟ್ಟುಬಿಡಿ ಎಂದೂ ಹೇಳಲೇಬೇಕಾಗಿದೆ. ಆ ವಯಸ್ಸಿನ ಮಕ್ಕಳು ತಮಗಾಗಿ ಏರ್ಪಡಿಸಿದ ದೃಶ್ಯವನ್ನು ಕ್ಷಣಾರ್ಧದಲ್ಲಿ ಗುರುತಿಸುತ್ತಾರೆ. ನಿಮಗೆ ಕಲಿಕೆಯಲ್ಲಿ ನಿಜವಾದ ಪ್ರೀತಿ ಇದೆ ಎಂಬುದು ಈ ವಯಸ್ಸಿನಲ್ಲಿ ಏಳುನೂರು ಪುಟದ ಪುಸ್ತಕವನ್ನು ಎರಡು ಸಲ ಹಿಡಿದದ್ದರಿಂದಲೇ ತಿಳಿಯುತ್ತದೆ. ಅವನು ಗಮನಿಸುತ್ತಾನೋ ಇಲ್ಲವೋ ಎಂಬ ಲೆಕ್ಕವಿಡದೆ ಊಟದ ಹೊತ್ತಿನಲ್ಲಿ ಶಂಕರಮ್ಮನ ಬಗ್ಗೆಯೋ ಸರಸೋತಿಯ ಬಗ್ಗೆಯೋ ನಿಮಗೆ ಅಂದು ಏನನ್ನಿಸಿತೆಂದು ಮನೆಯಲ್ಲಿ ಹೇಳಿ. ಮಗನಿಗೆ ಒಪ್ಪಿಗೆಯಾಗದಿದ್ದರೆ ವಾದ ಮಾಡಲಿ. ವಾದ ಮಾಡಲಿಕ್ಕಾದರೂ ಅವನು ಎರಡು ಪುಟ ತಿರುವಿ ನೋಡುವ ಸಂಭವವಿದೆ, ನೋಡದಿದ್ದರೆ ನಿಮ್ಮ ಓದಿಗೆ ನಷ್ಟವೇನಿಲ್ಲ.

ಕೊನೆಯದಾಗಿ ಕೆಲವು ಸಣ್ಣ ವಿಷಯಗಳು. ನಲವತ್ತು ದಾಟಿದ ಮೇಲೆ ಸಣ್ಣ ಅಕ್ಷರ ಓದಲು ಕಷ್ಟವಾಗುವುದು ಸಹಜ. ಪುಸ್ತಕ ಬೇಸರವಾಗುತ್ತಿದೆ ಎಂದು ನಮ್ಮ ಕೂಟಕ್ಕೆ ಬಂದವರಲ್ಲಿ ಕೆಲವರಿಗೆ ಬೇಕಾಗಿದ್ದದ್ದು ಚಾಳೀಸಿನ ಕನ್ನಡಕ ಮಾತ್ರ. ಒಮ್ಮೆ ಕಣ್ಣು ಪರೀಕ್ಷಿಸಿಕೊಳ್ಳಿ. ಅಜ್ಜನ ಮನೆಯ ಹಳೆಯ ಪ್ರತಿಗಳನ್ನೇ ತರಿಸಿಕೊಂಡಿದ್ದರೆ ಅವನ್ನು ಬಿಸಿಲಿಗೆ ಹಾಕಬೇಡಿ, ಹಳದಿಯಾದ ಕಾಗದ ಬಿಸಿಲಿಗೆ ಇನ್ನಷ್ಟು ಪೆಡಸಾಗಿ ಮುರಿಯುತ್ತದೆ. ನೆರಳಿನಲ್ಲಿ ಗಾಳಿಗೆ ಬಿಡಿಸಿಟ್ಟು ಒಣಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ನೆನಪಿಗೆಂದು ಆ ಪ್ರತಿಯನ್ನು ಕಪಾಟಿನಲ್ಲಿಟ್ಟುಕೊಂಡು, ಓದಲು ದೊಡ್ಡ ಅಕ್ಷರದ ಈಚಿನ ಮುದ್ರಣವನ್ನು ಕೊಳ್ಳುವುದು ಇನ್ನೂ ಒಳ್ಳೆಯದು. ಕೊಳ್ಳುವಾಗ ಅದು ಸಂಕ್ಷಿಪ್ತ ಆವೃತ್ತಿಯಲ್ಲವೆಂದು ಖಚಿತಪಡಿಸಿಕೊಳ್ಳಿ. ‘ಮಲೆಗಳಲ್ಲಿ ಮದುಮಗಳು’ವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ, ಹಾಳೆಯಲ್ಲಿ ಮನೆಗಳ ಪಟ್ಟಿ ಬರೆದುಕೊಂಡ ಮೇಲೂ ಎಲ್ಲಾದರೂ ತೊಡಕಾದರೆ, ಯಾವ ಅಧ್ಯಾಯದಲ್ಲಿ ಎಂದು ಗುರುತು ಹಾಕಿ ನನಗೆ ಬರೆಯಿರಿ.